ಒಂದೇ ಬ್ಯಾಚಿನ ಗುಂಡುಗಳು

ಮಾರ್ಚ್ ಹನ್ನೊಂದು, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ನೀರು ಸರಬರಾಜು ಇಲಾಖೆಯ ಪೈಪ್ ಫಿಟ್ಟರ್ ಒಬ್ಬ ಠಾಣೆಗೆ ಬಂದ. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ, ಕೈಯಲ್ಲಿ ಇನ್ನೂ ಸ್ಪ್ಯಾನರ್. ಹಳೆಯ ಪಂಪ್‌ಹೌಸಿನ ನೆಲದಡಿಯ ವಾಲ್ವ್ ಕೋಣೆಯಲ್ಲಿ ಸೋರಿಕೆ ಹುಡುಕುತ್ತಿದ್ದಾಗ ಗೋಡೆಯ ಗೂಡಿನಲ್ಲಿ ಒಂದು ಮರದ ತಟ್ಟೆ ಕೈಗೆ ತಾಗಿತಂತೆ. ಹಳೆಯ ನಟ್ಟು ಬೋಲ್ಟು ಇರಬೇಕೆಂದುಕೊಂಡು ಒಂದನ್ನು ಎತ್ತಿ ಟಾರ್ಚಿನ ಬೆಳಕಿಗೆ ಹಿಡಿದನಂತೆ.

"ಗುಂಡು ಮೇಡಂ. ಬಂದೂಕಿಂದು. ಎತ್ತಿದ್ದನ್ನ ಎತ್ತಿದ ಕಡೇನೇ ಇಟ್ಟು ಬಂದೆ."

ಇನ್‌ಸ್ಪೆಕ್ಟರ್ ಅವನ ಹೇಳಿಕೆ ಬರೆಸಿಕೊಂಡರು. ಶಸ್ತ್ರಾಸ್ತ್ರ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಜೀಪು ಹೊರಟಿತು. ಜೊತೆಗೆ ದಫೇದಾರರು, ಒಬ್ಬ ಮಹಿಳಾ ಕಾನ್‌ಸ್ಟೆಬಲ್, ಬಾಂಬ್ ನಿಷ್ಕ್ರಿಯ ದಳದ ತಜ್ಞ. ದಫೇದಾರರಿಗೆ ಠಾಣೆಯಲ್ಲಿ 'ರಿಜಿಸ್ಟರ್' ಎಂದೇ ಅಡ್ಡಹೆಸರು. ಮೂವತ್ತು ವರ್ಷದ ಹಿಂದಿನ ಕೇಸಿನ ನಂಬರೂ ಅವರ ನಾಲಿಗೆಯ ತುದಿಯಲ್ಲಿರುತ್ತಿತ್ತು. ನಿವೃತ್ತಿಗೆ ಇನ್ನು ಐದು ತಿಂಗಳು.

ವಾಲ್ವ್ ಕೋಣೆಗೆ ಇಪ್ಪತ್ತಾರು ಮೆಟ್ಟಿಲು ಇಳಿಯಬೇಕು. ಕೆಳಗೆ ಗೋಡೆಗಳು ಬೆವರುತ್ತಿದ್ದವು. ಕಬ್ಬಿಣದ ಏಣಿಯನ್ನು ಉಗುರಿನಿಂದ ಗೀರಿದರೆ ತುಕ್ಕು ಪದರ ಪದರವಾಗಿ ಉದುರುತ್ತಿತ್ತು. ತಜ್ಞ ಮೊದಲು ಹೋಗಿ ನೋಡಿ, ಭಯವಿಲ್ಲ ಬನ್ನಿ ಎಂದು ಕೂಗಿದ.

ಗೂಡಿನಲ್ಲಿ ಎರಡು ವಸ್ತುಗಳಿದ್ದವು. ತಟ್ಟೆಯಲ್ಲಿ ಬಿಡಿಯಾಗಿ ಐವತ್ತು ಗುಂಡು, ಮೈತುಂಬ ಹಸಿರು ಕಿಲುಬು. ಅದರ ಪಕ್ಕದಲ್ಲಿ ಮರದ ತುಂಡುಗಳ ಮೇಲೆ ಎತ್ತಿ ಇಟ್ಟ ಒಂದು ಉಕ್ಕಿನ ಪೆಟ್ಟಿಗೆ. ಮುಚ್ಚಳದ ಸುತ್ತ ರಬ್ಬರು, ಅದರ ಮೇಲೆ ಮೇಣ. ಬಿಡಿಸಿದಾಗ ಒಳಗೆ ಬೆಸುಗೆ ಹಾಕಿದ ಕಾರ್ಖಾನೆಯ ತಗಡಿನ ಡಬ್ಬಿ, ಬಟ್ಟೆಯ ಚೀಲವೊಂದರಲ್ಲಿ ತೇವ ಹೀರುವ ಹರಳು, ಒಂದು ನೋಟ್‌ಬುಕ್ಕು. ಡಬ್ಬಿಯ ಮೇಲೆ 'ನೂರು ಗುಂಡು' ಎಂಬ ಅಚ್ಚು, ಬ್ಯಾಚ್ ನಂಬರು. ತಟ್ಟೆಯ ಗುಂಡೊಂದನ್ನು ಉಜ್ಜಿ ನೋಡಿದರೆ ಅಲ್ಲೂ ಅದೇ ನಂಬರು.

ಇನ್‌ಸ್ಪೆಕ್ಟರ್‌ಗೆ ಕುತೂಹಲ ಕೆರಳಿದ್ದು ಅಲ್ಲಿ. ಮಾರುವವನಾದರೆ ಎಲ್ಲವನ್ನೂ ಜೋಪಾನ ಮಾಡುತ್ತಾನೆ. ಮರೆತವನಾದರೆ ಎಲ್ಲವೂ ಕೊಳೆಯುತ್ತದೆ. ಇವನು ಒಂದು ಪಾಲನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದು, ಇನ್ನೊಂದನ್ನು ಬೇಕೆಂದೇ ಕೊಳೆಯಲು ಬಿಟ್ಟಿದ್ದಾನೆ.

"ಹರಳು ನೋಡಿ ಮೇಡಂ, ನೀಲಿ ಇದೆ" ಎಂದ ತಜ್ಞ. "ತೇವ ಕುಡಿದ್ರೆ ಗುಲಾಬಿ ಆಗತ್ತೆ. ಇದನ್ನ ಹಾಕಿ ತಿಂಗಳೂ ಆಗಿರಲ್ಲ."

ನೋಟ್‌ಬುಕ್ಕಿನಲ್ಲಿ ಹೆಸರಿರಲಿಲ್ಲ. ತಿಂಗಳಿಗೊಂದು ಸಾಲು: ತಾರೀಖು, ಕೋಣೆಯ ತೇವಾಂಶ, ಹರಳಿನ ಬಣ್ಣ. ಇಪ್ಪತ್ತೆರಡು ವರ್ಷದ ಲೆಕ್ಕದಲ್ಲಿ ಒಂದೇ ಒಂದು ತಿಂಗಳು ಖಾಲಿ. ಕೊನೆಯ ಸಾಲು ಫೆಬ್ರವರಿ ಇಪ್ಪತ್ತೆಂಟರದ್ದು. ಫಿಟ್ಟರನ ಜೊತೆಗಾರ ಮತ್ತು ಎದುರಿನ ಸೈಕಲ್ ಅಂಗಡಿಯವರ ಸಮಕ್ಷಮ ಪಂಚನಾಮೆ ಮುಗಿದಾಗ ಮಧ್ಯಾಹ್ನ ಎರಡು ಹತ್ತು. ಡಬ್ಬಿಯನ್ನೂ ತಟ್ಟೆಯನ್ನೂ ಸೀಲು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರು.

ಮಾರ್ಚ್ ಹದಿಮೂರರಂದು ಮಹಿಳಾ ಕಾನ್‌ಸ್ಟೆಬಲ್ ಪಂಪ್‌ಹೌಸಿನ ಹಳೆಯ ದಾಖಲೆ ಪುಸ್ತಕಗಳನ್ನು ಹರಡಿಕೊಂಡು ಕುಳಿತಳು. ಸಂಜೆ ನಾಲ್ಕರ ಹೊತ್ತಿಗೆ ಒಂದು ಪುಟದ ಮೇಲೆ ಬೆರಳಿಟ್ಟಳು. ಏಳನೇ ಅಂಕಿಯ ನಡುವಿಗೆ ಅಡ್ಡಗೀಟು, ಸೊನ್ನೆಯ ಹೊಟ್ಟೆಯೊಳಗೆ ಒಂದು ಚುಕ್ಕೆ. ನೋಟ್‌ಬುಕ್ಕಿನಲ್ಲೂ ಅದೇ ಏಳು, ಅದೇ ಸೊನ್ನೆ. ಬರೆದವನು ಗುತ್ತಿಗೆಯ ಮೇಲೆ ಹದಿನೆಂಟು ವರ್ಷ ದುಡಿದು ಬಿಟ್ಟ ಪಂಪ್ ಆಪರೇಟರ್. ಎಲ್ಲರೂ ಅವನನ್ನು ವಾಲ್ವ್ ತಾತ ಎನ್ನುತ್ತಿದ್ದರು. ವಾಲ್ವ್ ಕಚ್ಚಿಕೊಂಡರೆ ಇವತ್ತಿಗೂ ಅವನನ್ನೇ ಕರೆಯಬೇಕಾದ್ದರಿಂದ ಕೋಣೆಯ ಒಂದು ಕೀಲಿ ಅವನ ಬಳಿಯೇ ಉಳಿದಿತ್ತು.

ಅವನು ಅದಕ್ಕೂ ಮೊದಲು ಏನು ಮಾಡುತ್ತಿದ್ದನೆಂಬುದು ಬ್ಯಾಚ್ ನಂಬರಿನಿಂದ ತಿಳಿಯಿತು. ಆ ಬ್ಯಾಚು ಹೋಗಿದ್ದು ಇವರದೇ ಪೊಲೀಸ್ ಕೇಂದ್ರ ಕಚೇರಿಯ ಶಸ್ತ್ರಾಗಾರಕ್ಕೆ. ಹದಿನೇಳರಂದು ಇನ್‌ಸ್ಪೆಕ್ಟರ್ ಅಲ್ಲಿಯ ಹಳೆಯ ಕಡತ ತರಿಸಿದರು. ಇಪ್ಪತ್ತೆರಡು ವರ್ಷದ ಹಿಂದೆ ಗೋದಾಮೊಂದರಲ್ಲಿ ದರೋಡೆಕೋರರನ್ನು ಸುತ್ತುವರಿದಾಗ ಒಬ್ಬ ಕಾನ್‌ಸ್ಟೆಬಲ್ ಮೂರು ಬಾರಿ ಬಂದೂಕಿನ ಕುದುರೆ ಎಳೆದಿದ್ದ. ಮೂರೂ ಗುಂಡು ಹಾರಲಿಲ್ಲ. ಎದುರಿನವನದು ಹಾರಿತು. ವಿಚಾರಣೆಯ ತೀರ್ಮಾನ ಎರಡೇ ಸಾಲು: ಗುಂಡುಗಳು ಕಾರ್ಖಾನೆಯಿಂದಲೇ ದೋಷಯುಕ್ತವಾಗಿ ಬಂದಿದ್ದವು; ಪರೀಕ್ಷಿಸದೆ ಅವನ್ನು ಸ್ವೀಕರಿಸಿದ ಉಗ್ರಾಣಿಕನನ್ನು ವಜಾ ಮಾಡಲಾಗಿದೆ. ಆ ಉಗ್ರಾಣಿಕನೇ ವಾಲ್ವ್ ತಾತ. ಸತ್ತ ಕಾನ್‌ಸ್ಟೆಬಲ್ ಅವನ ತಂಗಿಯ ಗಂಡ.

ಶಸ್ತ್ರಾಗಾರದ ನೆಲಮಾಳಿಗೆಯಲ್ಲಿ ನೀರು ಜಿನುಗುತ್ತಿದೆಯೆಂದು ತಾನು ಮೂರು ಸಲ ಬರೆದುಕೊಟ್ಟಿದ್ದಾಗಿ ಅವನು ಉತ್ತರಿಸಿದ್ದ. ಆ ಮೂರು ಪತ್ರಗಳು ಕಡತದಲ್ಲಿರಲಿಲ್ಲ.

ದಫೇದಾರರು ಕಡತದತ್ತ ನೋಡದೆ ಹೇಳಿದರು, "ಆ ವರ್ಷ ನಾನು ಅಲ್ಲೇ ಪಹರೆಲಿದ್ದೆ ಮೇಡಂ. ಗೋಡೆಗೆ ಒರಗಿದ್ರೆ ಅಂಗಿ ಒದ್ದೆ ಆಗ್ತಿತ್ತು. ತುರ್ತಿಗೆ ಕೈಗೆ ಸಿಗ್ಲಿ ಅಂತ ಡಬ್ಬಿ ಒಡೆಸಿ ಗುಂಡುಗಳನ್ನ ಬಿಡಿಯಾಗಿ ಕಪಾಟಲ್ಲಿ ಇಡಿಸಿದ್ರು. ಸಾಹೇಬ್ರ ಆರ್ಡರು."

"ವಿಚಾರಣೇಲಿ ಹೇಳಿದ್ರಾ?"

"ಯಾರೂ ಕೇಳ್ಲಿಲ್ಲ. ನಾನಾಗಿ ಹೋಗಿ ಹೇಳ್ಲೂ ಇಲ್ಲ."

ಇನ್‌ಸ್ಪೆಕ್ಟರ್ ಒಂದು ಹಾಳೆ ತೆಗೆದು ಅವರ ಹೇಳಿಕೆಯನ್ನೂ ಬರೆದುಕೊಂಡರು. ಸಹಿ ಮಾಡುವಾಗ ದಫೇದಾರರು ಎಂದಿಗಿಂತ ನಿಧಾನವಾಗಿದ್ದರು.

ಪ್ರಯೋಗಾಲಯದ ವರದಿ ಇಪ್ಪತ್ತರ ಸಂಜೆ ಬಂತು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ಮತ್ತು ದಫೇದಾರರು ವಾಲ್ವ್ ತಾತನ ಮನೆಯ ಬಾಗಿಲು ತಟ್ಟಿದರು. ಒಂದೇ ಕೋಣೆ. ಮಂಚ, ಸ್ಟೌ, ಗೋಡೆಗೆ ಹೆಂಡತಿಯ ಫೋಟೊ. ಬಾಗಿಲು ತೆರೆದವನು ಸಮವಸ್ತ್ರ ನೋಡಿ ಕೇಳಿದ ಮೊದಲ ಮಾತು ಇದು:

"ತಗಡಿನ ಡಬ್ಬಿ ಒಡೆದ್ರಾ?"

"ಒಳಗೆ ಬಂದು ಮಾತಾಡ್ಲಾ?"

ಅವನು ದಾರಿ ಬಿಟ್ಟ. ಮುಚ್ಚಿಡುವ ಪ್ರಯತ್ನವನ್ನೇ ಮಾಡಲಿಲ್ಲ. ತಂಗಿಯ ಗಂಡನ ಹೆಣ ಎತ್ತಿದ ಮೂರನೇ ದಿನ, ಶಸ್ತ್ರಾಗಾರದ ಕೀಲಿಕೈ ಒಪ್ಪಿಸುವ ಮುನ್ನ, ಉಳಿದಿದ್ದ ಒಂದು ಡಬ್ಬಿಯನ್ನೂ ಐವತ್ತು ಬಿಡಿ ಗುಂಡನ್ನೂ ಹೊತ್ತು ತಂದಿದ್ದ. ಲೆಕ್ಕದ ಪುಸ್ತಕದಲ್ಲಿ 'ಅಭ್ಯಾಸಕ್ಕೆ ಬಳಕೆ' ಎಂದು ಸುಳ್ಳು ಬರೆದಿದ್ದ. ಊರಲ್ಲಿ ಅದಕ್ಕಿಂತ ಒದ್ದೆಯಾದ ಜಾಗ ಇಲ್ಲವೆಂದು ತಿಳಿದೇ ಪಂಪ್‌ಹೌಸಿನ ಕೆಲಸಕ್ಕೆ ಸೇರಿದ್ದ.

"ಒಂದು ತಿಂಗಳು ಬರೆದಿಲ್ಲ ನೀವು."

"ಅವಳು ತೀರ್ಕೊಂಡ ತಿಂಗಳು." ಫೋಟೊ ಕಡೆ ನೋಡಲಿಲ್ಲ.

"ಬ್ಯಾಚು ಸರಿ ಇತ್ತು, ತೇವ ಕೆಡಿಸ್ತು ಅಂತ ತೋರಿಸೋಕೆ ಇಟ್ರಿ. ಒಂದು ವರ್ಷ ಸಾಕಾಗಿತ್ತಲ್ಲ. ಯಾಕೆ ಯಾರಿಗೂ ತೋರಿಸ್ಲಿಲ್ಲ?"

ಅವನು ಸ್ಟೌವಿನ ಬತ್ತಿ ಮೇಲೆ ಕೆಳಗೆ ಮಾಡಿದ.

"ಡಬ್ಬೀದು ಹಾರದೆ ಇದ್ರೆ? ಬ್ಯಾಚೇ ಕೆಟ್ಟದು ಅಂತಾದ್ರೆ, ಪರೀಕ್ಷೆ ಮಾಡ್ದೆ ತಗೊಂಡೋನು ನಾನೇ ಅಲ್ವಾ. ಪ್ರತಿ ವರ್ಷ ಈ ಸಲ ತೆಗೀತೀನಿ ಅಂದ್ಕೊಳ್ಳೋದು. ಹೋಗಿ ಹರಳು ಬದಲಾಯಿಸಿ ಬರೋದು."

ಇನ್‌ಸ್ಪೆಕ್ಟರ್ ಹೇಳಿಕೆಯನ್ನು ಓದಿ ಹೇಳಿ ಸಹಿ ಪಡೆದರು. ಆಮೇಲೆ ಚೀಲದಿಂದ ವರದಿ ತೆಗೆದರು. ತಟ್ಟೆಯ ಇಪ್ಪತ್ತು ಗುಂಡು ಹಾರಿಸಿ ನೋಡಿದ್ದರು, ನಾಲ್ಕೇ ಹಾರಿದ್ದವು. ಡಬ್ಬಿಯಿಂದಲೂ ಇಪ್ಪತ್ತು.

"ಇಪ್ಪತ್ತೂ ಹಾರಿದ್ವು" ಎಂದರು.

ಮುದುಕ ತಲೆಯಾಡಿಸಿದ. ಇನ್ನೊಮ್ಮೆ ತಲೆಯಾಡಿಸಿದ. ಆಮೇಲೆ ಮಂಚದ ಅಂಚಿನಲ್ಲಿ ಕುಳಿತ. ದಫೇದಾರರು ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟರು. ಅಂದು ಶಸ್ತ್ರಾಗಾರದ ಪಹರೆಯಲ್ಲಿದ್ದವನು ನಾನೇ ಎಂದು ಅವನಿಗೆ ತಾವಾಗಿ ಹೇಳಿದರು. ಅವನು ಲೋಟವನ್ನು ಹಿಡಿದುಕೊಂಡೇ ಕೇಳಿಸಿಕೊಂಡ.

ಬಂಧನದ ಮೆಮೊ ಠಾಣೆಯಲ್ಲಿ ಮಧ್ಯಾಹ್ನ ಹನ್ನೆರಡು ಐವತ್ತಕ್ಕೆ ಬರೆದರು. ಬಂಧನದ ವಿಷಯ ಯಾವ ಸಂಬಂಧಿಕರಿಗೆ ತಿಳಿಸಬೇಕೆಂದು ಕೇಳಿದಾಗ ಅವನು ತಂಗಿಯ ವಿಳಾಸ ಕೊಟ್ಟ. ಇಪ್ಪತ್ತೆರಡು ವರ್ಷದಿಂದ ಆ ಮನೆಯ ಹೊಸ್ತಿಲು ತುಳಿದಿಲ್ಲವಂತೆ. ನೀನೇ ಕೆಟ್ಟ ಗುಂಡು ಕೊಟ್ಟು ಕಳಿಸಿದೆ ಎಂದು ಅಂದು ಹೇಳಿ ಬಾಗಿಲು ಹಾಕಿದವಳು ಮತ್ತೆ ತೆಗೆದಿರಲಿಲ್ಲ.

ಅವಳು ಮೂರೂವರೆಗೆ ಬಂದಳು. ದರ್ಜಿ ಕೆಲಸ, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಇನ್‌ಸ್ಪೆಕ್ಟರ್ ಪ್ರಯೋಗಾಲಯದ ವರದಿಯನ್ನೂ ದಫೇದಾರರ ಹೇಳಿಕೆಯನ್ನೂ ದೋಷಾರೋಪ ಪಟ್ಟಿಗೆ ಲಗತ್ತಿಸುತ್ತೇನೆ, ಹಳೆಯ ವಿಚಾರಣೆ ಮತ್ತೆ ತೆರೆಯಬೇಕೆಂದು ಮೇಲಿನವರಿಗೆ ಬರೆಯುತ್ತೇನೆ, ಆದರೆ ಕದ್ದದ್ದು ಕದ್ದದ್ದೇ ಎಂದು ವಿವರಿಸಿದರು. ಅವಳು ಎಲ್ಲವನ್ನೂ ಕೇಳಿ, ಅಣ್ಣನ ಹತ್ತಿರ ಹೋಗಲು ಅನುಮತಿ ಬೇಡಿದಳು.

ಸರಳುಗಳ ಈಚೆ ನಿಂತು ಕೇಳಿದಳು, "ಅವತ್ತು ಅವ್ರ ಕೈಗೆ ಕೊಡೋವಾಗ ನಿನಗೆ ಅನುಮಾನ ಇತ್ತಾ ಅಣ್ಣ?"

"ಇತ್ತು."

"ಆದ್ರೂ ಕೊಟ್ಟೆ."

"ಕೊಟ್ಟೆ. ಬೇರೆ ಬಿಡಿ ಗುಂಡು ಇರ್ಲಿಲ್ಲ. ಉಳಿದಿದ್ದ ಡಬ್ಬಿ ಒಡೆಯೋಕೆ ಆರ್ಡರ್ ಕೇಳೋವಷ್ಟು ಹೊತ್ತೂ ಇರ್ಲಿಲ್ಲ. ಕೇಳದೇನೇ ಒಡೀಬೇಕಿತ್ತು."

ಅವಳು ಅಳುತ್ತಾಳೆ ಎಂದುಕೊಂಡಿದ್ದರು ಇನ್‌ಸ್ಪೆಕ್ಟರ್. ಅಳಲಿಲ್ಲ. "ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ" ಎಂದಳು, ಬೈಯುವ ದನಿಯಲ್ಲಲ್ಲ. ಮೇಜಿಗೆ ಬಂದು ಪೆನ್ನು ತೆಗೆದುಕೊಂಡಳು. ಮಾಹಿತಿ ಪಡೆದವರ ಹೆಸರು, ಸಹಿ. ಕೊನೆಗೆ, ಆರೋಪಿಯೊಂದಿಗಿನ ಸಂಬಂಧ. ಅಲ್ಲಿ ಪೆನ್ನು ಸ್ವಲ್ಪ ನಿಂತಿತು. 'ಒಡಹುಟ್ಟಿದ ತಂಗಿ' ಎಂದು ಬರೆದು, ನಾಳೆ ಕೋರ್ಟಿಗೆ ಎಷ್ಟು ಗಂಟೆಗೆ ಬರಬೇಕು ಎಂದು ಕೇಳಿದಳು.