ಐವಿಗೆ ಸಿಗದ ಸಾಲು

ಲಂಡನ್ನಿನ ನಮ್ಮ ನಾಟಕಶಾಲೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ತಾಲೀಮಿನಲ್ಲಿ ನಾಟಕದ ಕೊನೆಯ ಮಾತನ್ನು ಯಾರೂ ಆಡುವಂತಿರಲಿಲ್ಲ, ಆಡಿದರೆ ಕೇಡು. ಮೊದಲ ಪ್ರದರ್ಶನದ ದಿನ ನಮಗೆ ನಾಟಕ ಕಲಿಸುವ ಮೇಡಂ ಥ್ರೆಡ್‌ಗೋಲ್ಡ್ ಹೊಸ ಸಾಲೊಂದನ್ನು ಕಟ್ಟಿ, ಅದನ್ನು ಆಡಬೇಕಾದ ಹುಡುಗಿಯ ಕಿವಿಯಲ್ಲಿ ಉಸುರುತ್ತಿದ್ದರು. ಹೋದ ವರ್ಷ ಆ ಪಾತ್ರ ಐವಿಯದು. ಸಾಲು ಸಿಗುವ ಮೊದಲೇ ಗಂಟಲಮಾರಿ ಅವಳನ್ನು ಒಯ್ದಿತು. ಈ ವರ್ಷ ಪಾತ್ರ ನನಗೆ ಬಂತು.

ತಾಲೀಮಿನ ಕೊನೆಗೆ ಎಂದಿನಂತೆ ಸುಮ್ಮನೆ ನಿಂತಿದ್ದೆ. ಎಡಗಿವಿ ತಣ್ಣಗಾಯಿತು. ಗಂಟಲಿಗೆ ಹಚ್ಚುವ ಔಷಧದ ವಾಸನೆ ಬಂತು. ಒಡಕು ದನಿಯೊಂದು, "ಮಕ್ಕಳೆಲ್ಲ ಮನೆ ಸೇರಿದರು, ದೀಪ ಆರಿಸಿ" ಎಂದಿತು.

"ಡಲ್ಸಿ, ತಮಾಷೆ ಸಾಕು ಕಣೇ," ಎಂದೆ ಪಕ್ಕದವಳಿಗೆ.

"ನಾನೆಲ್ಲೇ ಮಾತಾಡ್ದೆ? ಬಾಯಲ್ಲಿ ಪೆಪ್ಪರಮಿಂಟ್ ಇದೆ. ಮೇಡಂ ನೋಡಿದ್ರೆ ಚರ್ಮ ಸುಲೀತಾರೆ."

ಮೊದಲ ಪ್ರದರ್ಶನದ ದಿನ ಪರದೆಯ ಹಿಂದೆ ಮೇಡಂ ನನ್ನ ಬಲಗಿವಿಗೆ ಬಾಗಿದರು. "ಈಗಷ್ಟೇ ಹೊಳೀತು, ಸರಿಯಾಗಿ ಕೇಳಿಸ್ಕೋ."

ಅವರು ಹೇಳಿದ್ದು ಅದೇ ಮಾತು.

"ಯಾಕೇ ಬಿಳಿಚ್ಕೊಂಡೆ? ಭಯಾನಾ?"

"ಏನಿಲ್ಲ ಮೇಡಂ."

ನಾಟಕದ ಕೊನೆಗೆ ರಂಗದ ಅಂಚಿಗೆ ಬಂದು ನಿಂತೆ. ಎಡಗಿವಿ ಮತ್ತೆ ತಣ್ಣಗಾಯಿತು. ಆ ಸಾಲು ಗ್ಯಾಲರಿಯವರೆಗೂ ಕೇಳಿಸಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಚೆನ್ನಾಗಿ ಹೇಳ್ದೆ," ಎಂದರು ಮೇಡಂ ಆಮೇಲೆ, "ಗಂಟಲು ಯಾಕೇ ಒಡೆದಿತ್ತು?"

ನಾನು ಬಾಯಿಯೇ ತೆರೆದಿರಲಿಲ್ಲ.