ಎರಡನೆಯ 'ಬೇಕು'

ಆ ಮೇ ತಿಂಗಳಲ್ಲಿ ಯುರೋಪಿನ ಹೊಸ ಸಂವಿಧಾನವನ್ನು ನಮ್ಮ ಬೋರ್ವಾ ಹಳ್ಳಿಯ ಮನೆಮನೆಗೂ ಹೊತ್ತು ಹಾಕಿದವಳು ಪೋಸ್ಟಿನ ಕೊರಾಲಿ. ಅದು ಬೇಕೋ ಬೇಡವೋ ಎಂದು ತಿಂಗಳ ಕೊನೆಗೆ ಜನ ಮತ ಹಾಕಬೇಕಿತ್ತು. ಹೊತ್ತಳಷ್ಟೇ ಅಲ್ಲ, ಕೂತು ಓದಿದಳು ಕೂಡ. ಊರಲ್ಲಿ ಓದಿದವಳು ಅವಳೊಬ್ಬಳೇ. ಅದೇ ಅವಳ ಗ್ರಹಚಾರ.

ಲಾರಿ ಓಡಿಸುವ ರೆಮಿ ತನ್ನ ಪ್ರತಿಯನ್ನು ಕೆಫೆಯ ಕುಂಟು ಮೇಜಿನ ಕಾಲಡಿಗೆ ತುರುಕಿದ್ದ.

"ನೋಡು ಪೋಸ್ಟಮ್ಮಾ, ಮೇಜು ಈಗ ಅಲ್ಲಾಡ್ತಿಲ್ಲ. ಯುರೋಪಿಂದ ಇಷ್ಟಾದ್ರೂ ಉಪಕಾರ ಆಯ್ತು."

ಕೆಫೆ ತುಂಬ ನಗು. ಕೊರಾಲಿ ಬಗ್ಗಿ ಪುಸ್ತಕವನ್ನು ಎಳೆದುಕೊಂಡಳು. ಅವನ ಬಿಯರು ಅವನ ತೊಡೆಯ ಮೇಲೇ ಚೆಲ್ಲಿತು.

"ತಗೋ, ಈಗ ಓದು. ಒದ್ದೆ ಪ್ಯಾಂಟಲ್ಲಿ ಎದ್ದು ಹೋಗೋಕಂತೂ ಆಗಲ್ಲ."

ರೆಮಿ ತಲೆಯೆತ್ತಿ ಅವಳನ್ನೇ ನೋಡಿದ. ಸಿಟ್ಟು ಬಂದಾಗ ಅವಳ ಮೂಗಿನ ಮೇಲಿನ ಕಂದು ಚುಕ್ಕೆಗಳು ಕೆಂಪಾಗುತ್ತವೆ ಎಂಬುದು ಅವನಿಗೆ ಗೊತ್ತು. ಅವು ಕೆಂಪಾಗಲೆಂದೇ ಅವನು ಕೆಣಕುತ್ತಿದ್ದ. ಸೆಪ್ಟೆಂಬರಿನಲ್ಲಿ ಅವರಿಬ್ಬರ ಮದುವೆ.

ಊರ ಸಭೆಯಲ್ಲಿ ಮಾತ್ರ ಅವನು ತಮಾಷೆ ಮಾಡಲಿಲ್ಲ. "ನಮ್ಮ ಮಿಲ್ಲು ಸ್ಲೊವಾಕಿಯಾಕ್ಕೆ ಹೋಯ್ತು. ಮೆಷಿನ್ ಸಾಗಿಸಿದ್ದು ಯಾರು? ನಾನೇ, ನನ್ನ ಲಾರೀಲೇ. ನಮ್ಮಮ್ಮ ವಯಸ್ಸೆಲ್ಲ ಸವೆಸಿದ ಮೆಷಿನ್ನು! ನನ್ನ ಮಟ್ಟಿಗೆ ಬೇಡ. ಸಾವಿರ ಸಲ ಬೇಡ."

ಚಪ್ಪಾಳೆಯ ಮೇಲೆ ಚಪ್ಪಾಳೆ. ಕೊರಾಲಿ ಎದ್ದು ನಿಂತಳು.

"ಮಿಲ್ಲು ಹೋದಾಗ ಈ ಪುಸ್ತಕ ಹುಟ್ಟೇ ಇರ್ಲಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಾ? ಚರ್ಚಿನ ಮುಂದಿನ ಕಲ್ಲಲ್ಲಿ ಎರಡು ಯುದ್ಧದಲ್ಲಿ ಸತ್ತವರ ಹೆಸರುಗಳಿವೆ. ಯುರೋಪು ಮತ್ತೆ ಒಡೆದ್ರೆ ಮೂರನೇದಕ್ಕೆ ಜಾಗ ಬಿಟ್ಟಿದ್ದಾರಾ, ಹೋಗಿ ನೋಡ್ಕೊಂಡು ಬನ್ನಿ!"

ಊರು ಹುಯ್ಯೋ ಎಂದು ಕೂಗಿ ಅವಳನ್ನು ಕೂರಿಸಿತು. ಹಿಂದಿನ ಸಾಲಿನಲ್ಲಿದ್ದ ರೆಮಿಯ ತಾಯಿ ಸೊಲಾಂಜ್ ಒಬ್ಬಳೇ ಕೂಗಲಿಲ್ಲ. ಆ ಕಲ್ಲಿನ ಮೇಲೆ ಅವಳ ಅಪ್ಪನ ಹೆಸರಿತ್ತು.

ಮತದಾನದ ಭಾನುವಾರ ರೆಮಿ ಪೋಲೆಂಡಿನಲ್ಲಿರಬೇಕಿತ್ತು. ಊರಲ್ಲಿಲ್ಲದವನು ತನ್ನ ಮತವನ್ನು ಊರಿನ ಇನ್ನೊಬ್ಬರ ಕೈಲಿ ಹಾಕಿಸಬಹುದು. ಅವನು ಪೊಲೀಸರ ಮುಂದೆ ಸಹಿ ಮಾಡಿ ಕೊರಾಲಿಯ ಹೆಸರು ಬರೆಸಿ ಬಂದ.

"ನಂಗಾ? ತಲೆ ಕೆಟ್ಟಿದೆಯಾ? ನಿಮ್ಮಮ್ಮಂಗೆ ಕೊಡು."

"ಅಮ್ಮಂಗೆ ಕೊಟ್ರೆ ಏನು ಮಜಾ? 'ಬೇಡ' ಅಂತ ಹಾಕುವಾಗ ನಿನ್ನ ಕೈ ನಡುಗ್ಬೇಕು."

"ನೋಡೋಕೆ ನೀನಿರಲ್ಲ. ನಾನು 'ಬೇಕು' ಅಂತ ಹಾಕಿಬಿಟ್ರೆ?"

"ಹಾಕಲ್ಲ." ಲಾರಿಯ ಮೆಟ್ಟಿಲಿನಿಂದ ಬಗ್ಗಿ, ಡೀಸೆಲ್ ವಾಸನೆಯ ಬೆರಳಲ್ಲಿ ಅವಳ ಕೂದಲನ್ನು ಕಿವಿಯ ಹಿಂದೆ ಸರಿಸಿದ. "ಪ್ರೀತಿ ಅಂದ್ರೆ ಅದೇ ಕಣೇ."

ಅವಳಿಗೆ ಅಳು ಬಂತು. ಇಷ್ಟು ದೊಡ್ಡ ಮಾತನ್ನು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ.

ಭಾನುವಾರ ಅವಳು ಪರದೆಯ ಹಿಂದೆ ಎರಡು ಸಲ ಹೋದಳು. ಮೊದಲು ತನಗಾಗಿ 'ಬೇಕು' ಚೀಟಿಯನ್ನು ಲಕೋಟೆಗೆ ಹಾಕಿದಳು. ಆಮೇಲೆ ಅವನಿಗಾಗಿ 'ಬೇಡ'. ಕೈ ನಿಜವಾಗಿಯೂ ನಡುಗಿತು. ಹಾಳಾದವನು, ಹೇಳಿದ ಹಾಗೇ ಆಯಿತಲ್ಲ ಎಂದು ಒಬ್ಬಳೇ ನಕ್ಕಳು. "ಮತ ಹಾಕಾಯ್ತು!" ಎಂದು ಮೇಯರ್ ವಾಸರ್ ಎರಡು ಸಲವೂ ಕೂಗಿದ.

ಸಂಜೆ ಊರೇ ಮೇಜಿನ ಸುತ್ತ ಸೇರಿತ್ತು. ವಾಸರ್ ಒಂದೊಂದೇ ಲಕೋಟೆ ಬಿಚ್ಚಿ ಓದುತ್ತಿದ್ದ. ಬೇಡ. ಬೇಡ. ಬೇಡ. ನಡುವೆ ಒಂದು 'ಬೇಕು' ಬಂದಾಗ ಎಲ್ಲರೂ ಕೊರಾಲಿಯತ್ತ ತಿರುಗಿ ಗೊಳ್ಳೆಂದು ನಕ್ಕರು. ಅವಳೂ ನಾಟಕದವಳಂತೆ ಬಗ್ಗಿ ವಂದಿಸಿದಳು. ಮತ್ತೆ ಬೇಡ, ಬೇಡ. ಕೊನೆಗೆ ವಾಸರ್ ಒಂದು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಬೇಕು."

ಈ ಸಲ ಯಾರೂ ನಗಲಿಲ್ಲ. ರೆಮಿಯ ಮತ ಯಾರ ಕೈಲಿತ್ತೆಂದು ಊರಿಗೆಲ್ಲ ಗೊತ್ತಿತ್ತು.

"ಅಯ್ಯೋ ಪಾಪ, ರೆಮಿ," ಎಂದಳು ಕಟುಕನ ಹೆಂಡತಿ.

"ನಾನಲ್ಲ," ಎಂದಳು ಕೊರಾಲಿ. ಸೊಲಾಂಜ್ ಮಾತ್ರ ತನ್ನ ಕೈಚೀಲದ ಗುಂಡಿಯನ್ನು ತೆಗೆಯುತ್ತ ಹಾಕುತ್ತ ಇದ್ದಳು.

ಮರುದಿನ ಟಪಾಲು ಕೊಡುವ ನೆಪದಲ್ಲಿ ಕೊರಾಲಿ ಸೊಲಾಂಜ್‌ಳ ಗೇಟಿನ ಬಳಿ ನಿಂತಳು.

"ನೀವು ತಾನೇ, ಅಮ್ಮಾ?"

"ನೀನೇ ತಾನೆ ಕಲ್ಲು ನೋಡಿ ಬನ್ನಿ ಅಂದಿದ್ದು? ನೋಡ್ಕೊಂಡು ಬಂದೆ." ಮುದುಕಿ ದನಿ ತಗ್ಗಿಸಿದಳು. "ರೆಮಿಗೆ ಹೇಳ್ಬೇಡ. ಮಿಲ್ಲಿನ ವಿಷಯದಲ್ಲಿ ಅವನು ಯಾರನ್ನೂ ಕ್ಷಮಿಸಲ್ಲ. ನಂಗಿರೋನು ಅವನೊಬ್ಬ."

"ನಂಗೆ?"

"ನಿನಗಿನ್ನೂ ವಯಸ್ಸಿದೆ."

ಇಡೀ ಊರಲ್ಲಿ ವಾದ ಮಾಡಿ ಅವಳು ಗೆದ್ದದ್ದು ಒಂದೇ ಒಂದು ಮತ. ಅದು ಸಿಕ್ಕಿದ್ದು ಈ ಮನೆಯಲ್ಲಿ.

ರೆಮಿಗೆ ಪೋಲೆಂಡಿಗೇ ಫೋನ್ ಹೋಗಿತ್ತು. ಬಂದವನು ಕೊರಾಲಿಯನ್ನು ಮನೆಗೆ ಕರೆಸಿ, ಬೂಟು ಕೂಡ ಬಿಚ್ಚದೆ ಅಡುಗೆಮನೆಯಲ್ಲಿ ಕೂತ. ಒಲೆಯ ಮೇಲೆ ಮೊಲದ ಸಾರು ಕುದಿಯುತ್ತಿತ್ತು. ಸೊಲಾಂಜ್ ಬ್ರೆಡ್ ಕೊಯ್ಯುತ್ತಿದ್ದಳು.

"ಕೆಫೆಯವರು ಏನಂದ್ರು ಗೊತ್ತಾ? 'ನಿನ್ನ ಹುಡುಗಿ ನಿನ್ನ ಕೈಯಿಂದ್ಲೇ ನಿನ್ನ ಕೆನ್ನೆಗೆ ಹೊಡೆದ್ಳು' ಅಂದ್ರು."

"ನಿನ್ನದು 'ಬೇಡ' ಅಂತಲೇ ಹಾಕ್ದೆ ರೆಮಿ. ಕೈ ನಡುಗ್ತು. ಆದ್ರೂ ಹಾಕ್ದೆ."

"ಹಾಗಾದ್ರೆ ಆ ಎರಡನೇದು ಯಾರದ್ದು?"

ಚಾಕು ನಿಂತಿತು. ಕೊರಾಲಿ ಸೊಲಾಂಜ್‌ಳ ಬೆನ್ನನ್ನು ನೋಡಿದಳು. ಒಂದು ಹೆಸರು ಹೇಳಿದರೆ ಸಾಕಿತ್ತು.

"ಅದು ಹಾಕಿದವರ ಗುಟ್ಟು. ಅವರೇ ಹೇಳ್ಬೇಕು."

ಸೊಲಾಂಜ್ ಮತ್ತೆ ಬ್ರೆಡ್ ಕೊಯ್ಯತೊಡಗಿದಳು. ಸಾರು ಕುದಿಯಿತು.

"ತಪ್ಪಾಯ್ತು ಅಂತ ಒಂದು ಮಾತು ಹೇಳು," ಎಂದ ರೆಮಿ. ದನಿ ಒಡೆದಿತ್ತು. "ಕೆಫೆಯಲ್ಲಿ, ಎಲ್ಲರ ಮುಂದೆ. ಮರೆತುಬಿಡ್ತೀನಿ. ನಿನ್ನ ಬಿಟ್ಟು ಇರೋಕೆ ನಂಗೂ ಆಗಲ್ಲ ಕಣೇ."

ಸೊಲಾಂಜ್ ತಿರುಗಿದಳು. ಕಣ್ಣು ಒದ್ದೆಯಾಗಿತ್ತು. "ಒಪ್ಕೊಂಡ್ಬಿಡು ಮಗಳೇ," ಎಂದಳು. "ನೀನು ಮಾಡಿದ್ದು ಮಾಡಿಬಿಟ್ಟೆ. ಅವನು ಒಳ್ಳೆಯವನು, ಕ್ಷಮಿಸ್ತಾನೆ."

ಕೊರಾಲಿ ರೆಮಿಯತ್ತ ತಿರುಗಿದಳು. ಅವನನ್ನು ಅವಳು ಪ್ರಾಣದ ಹಾಗೆ ಪ್ರೀತಿಸುತ್ತಿದ್ದಳು. ಒಂದು ಸುಳ್ಳು ಹೇಳಿದರೆ ಅವನು ಅವಳವನು.

"ರೆಮಿ, ನಾನು ನಂಬದೇ ಇರೋದನ್ನ ನನ್ನ ಕೈಯಾರೆ ಮಾಡಿದ್ದು ಜೀವನದಲ್ಲಿ ಒಂದೇ ಸಲ. ನಿನಗೋಸ್ಕರ. ಅದನ್ನ ಮಾಡೇ ಇಲ್ಲ ಅಂತ ಹೇಳ್ಬೇಕಾ ಈಗ?" ಅವನ ಕೊಳೆಯಾದ ಕೈಯನ್ನು ಎತ್ತಿ ಒಮ್ಮೆ ತನ್ನ ಕೆನ್ನೆಗೆ ಒತ್ತಿಕೊಂಡಳು. "ಆಗಲ್ಲ ಕಣೋ."

ಅವನು ಕೈ ಎಳೆದುಕೊಂಡ.

ಸೆಪ್ಟೆಂಬರ್ ಬಂತು, ಹೋಯಿತು. ಟಪಾಲು ನಿಲ್ಲುವುದಿಲ್ಲ. ಕೊರಾಲಿ ಆ ಗೇಟಿಗೆ ದಿನವೂ ಹೋಗಬೇಕು. ಒಂದು ಬೆಳಿಗ್ಗೆ ಸೊಲಾಂಜ್ ಬಿಸಿ ಕಾಫಿ ಹಿಡಿದು ಕಾಯುತ್ತಿದ್ದಳು.

"ಅವನು ತನ್ನ ಮತಾನ ನನ್ನ ಕೈಗೆ ಕೊಡದೇ ಇದ್ದದ್ದು ಒಳ್ಳೇದಾಯ್ತು ಮಗಳೇ," ಎಂದಳು ಪಿಸುದನಿಯಲ್ಲಿ. "ಕೊಟ್ಟಿದ್ರೆ ಅವನದ್ದನ್ನೂ 'ಬೇಕು' ಅಂತಲೇ ಹಾಕಿಬಿಡ್ತಿದ್ದೆ. ಇನ್ನೊಂದು ಸಲ ವೋಟು ಬಂದ್ರೆ ಹೇಳು. ನೀನು ಹೇಳಿದ ಹಾಗೇ ಹಾಕ್ತೀನಿ."

ಒಳಗೆ ರೆಮಿ ಶಿಳ್ಳೆ ಹಾಕುತ್ತ ಗಡ್ಡ ಬೋಳಿಸಿಕೊಳ್ಳುತ್ತಿದ್ದ. ಕೊರಾಲಿ ಆ ಶಿಳ್ಳೆ ನಿಲ್ಲುವವರೆಗೂ ಕೇಳಿದಳು. ಕಾಫಿ ಮುಟ್ಟಲಿಲ್ಲ. ಕಾಗದಗಳನ್ನು ಡಬ್ಬಿಗೆ ಹಾಕಿ ಪಕ್ಕದ ಮನೆಗೆ ಸೈಕಲ್ ತಿರುಗಿಸಿದಳು.