ಸರದಾರನ ಕಾಲು

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಠಾಣೆಗೆ ಫೋನು ಬಂತು. ಪ್ರಾಣಿಗಳ ಆಸರೆ ಮನೆಯಲ್ಲಿ ಯಾರೋ ನಾಯಿಯ ಕಾಲು ಮುರಿದಿದ್ದಾರೆ. ಒಂದು ಕೊಲೆ, ಮೂರು ಕಳವು ತಲೆಯ ಮೇಲೆ ಕೂತಿರುವಾಗ ನಾಯಿ ಕಾಲಿಗೂ ಇನ್‌ಸ್ಪೆಕ್ಟರೇ ಬೇಕೇ ಎಂದು ಗೊಣಗುತ್ತಲೇ ಜೀಪು ಹತ್ತಿದೆ.

ಹೋಗದೆ ವಿಧಿಯಿರಲಿಲ್ಲ. ಸರದಾರ ಅಂತಿಂಥ ನಾಯಿಯಲ್ಲ. ಆರು ತಿಂಗಳ ಹಿಂದೆ ಕಾರಿನಡಿ ಸಿಕ್ಕು ಹಿಂಗಾಲು ಮುರಿದುಕೊಂಡಾಗ ಅದರ ಫೋಟೋ ನೋಡಿ ಊರಿಗೆ ಊರೇ ಮರುಗಿತ್ತು. ಆಮೇಲೆ ವಾಸಿಯಾಗಿ ಓಡಾಡಿಕೊಂಡಿತ್ತು. ಈಗ ಅದೇ ಕಾಲು ಮತ್ತೆ ಮುರಿದಿತ್ತು. ಗೂಡಿನ ಚಿಲಕ ಕಿತ್ತುಬಂದಿತ್ತು, ಪಕ್ಕದಲ್ಲಿ ಕಬ್ಬಿಣದ ಸಲಾಕೆ ಬಿದ್ದಿತ್ತು. ನಾಯಿ ಮಾತ್ರ ಕುಂಯ್ ಎನ್ನದೆ ಮಂಪರಿನಲ್ಲಿ ಮಲಗಿತ್ತು.

ಆಸರೆ ಮನೆ ನಡೆಸುವ ಮುದುಕಿಯನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಾರೆ. ಸತ್ತ ಗಂಡ ಬಿಟ್ಟುಹೋದ ಆಸ್ತಿಯನ್ನೆಲ್ಲ ನಾಯಿಗಳಿಗೇ ಸುರಿದವಳು. ಅತ್ತು ಅತ್ತು ಮುಖ ಊದಿತ್ತು. ಆರಕ್ಕೆ ಎದ್ದು ಬಂದಾಗ ನೋಡಿದೆ, ಪೊಲೀಸರು ಬರಲಿ ಅಂತ ಮುಟ್ಟಿಲ್ಲ, ಡಾಕ್ಟರಿಗೆ ಹೇಳಿ ಕಳಿಸಿದ್ದೇನೆ ಎಂದಳು. ಯಾರ ಮೇಲಾದರೂ ಅನುಮಾನವೇ ಎಂದು ಕೇಳಿದ್ದಕ್ಕೆ ಮೂಗೊರೆಸಿಕೊಂಡು ಪಕ್ಕದ ಮನೆಯತ್ತ ನೋಡಿದಳು.

*

ಪಕ್ಕದ ಮನೆಯ ಟೈಲರ್ ಹೋದ ವಾರವಷ್ಟೇ ಬೀದಿಯಲ್ಲಿ ನಿಂತು, ಇನ್ನೊಂದು ಸಲ ಬೊಗಳಿದರೆ ಒಂದೊಂದರ ಕಾಲೂ ಮುರೀತೀನಿ ಎಂದು ಕೂಗಾಡಿದ್ದ. ಮಾತು ಮನೆ ಕೆಡಿಸಿತು ಅನ್ನುವುದು ಇಂಥವರಿಗೇ. ನನ್ನನ್ನು ಕಂಡದ್ದೇ ತಡ, ಕತ್ತರಿ ಕೆಳಗಿಟ್ಟು ಎದ್ದು ನಿಂತ. ಆದರೆ ರಾತ್ರಿಯಿಡೀ ಅವನು ಮಗಳ ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದ. ಅಲ್ಲಿನ ನರ್ಸ್‌ಗೆ ಫೋನು ಮಾಡಿದೆ. ಅವನ ಗಲಾಟೆ ತಾಳಲಾರದೆ ಎರಡು ಸಲ ವಾರ್ಡಿನಿಂದ ಹೊರಗೆ ಅಟ್ಟಿದ್ದಳಂತೆ. ಮನುಷ್ಯ ಬಾಯಿಬಡುಕ, ಅಷ್ಟೆ.

*

ಎಂಟಕ್ಕೆ ಪಶುವೈದ್ಯರು ಬಂದರು. ಸರದಾರನ ಮುಂಗಾಲು ಎತ್ತಿ ನೋಡಿದರು. ಅಲ್ಲಿ ಎರಡು ಬೆರಳಗಲ ಕೂದಲು ನುಣ್ಣಗೆ ಬೋಳಿಸಿತ್ತು, ನಡುವೆ ಸೂಜಿ ಚುಚ್ಚಿದ ಗುರುತು.

"ಸದ್ಯ, ದೊಡ್ಡಮ್ಮ ಆಗಲೇ ಮತ್ತಿನ ಮದ್ದು ಕೊಟ್ಟಿದ್ದಾರೆ," ಅಂದರು. "ಇಲ್ಲಾಂದ್ರೆ ನೋವಿಗೆ ಕೂಗಿ ಸಾಯ್ತಿತ್ತು."

ಇಲ್ಲಿ ಸೂಜಿ ಹಾಕಲು ಯಾರಿಗೆ ಬರುತ್ತದೆ ಎಂದು ಕೇಳಿದೆ. ತಮಗೆ, ಮತ್ತು ತಾವೇ ಕಲಿಸಿಕೊಟ್ಟ ದೊಡ್ಡಮ್ಮನಿಗೆ ಎಂದರು. ಮದ್ದಿನ ಬೀರುವಿನ ಕೀಲಿಯೂ ಅವಳ ಹತ್ತಿರವೇ.

*

ಆಫೀಸು ಕೋಣೆಯ ಬಾಗಿಲು ಮುಚ್ಚಿ ಅವಳೆದುರು ಕೂತೆ.

"ನಾಯೀನ ಮುಟ್ಟಿಲ್ಲ ಅಂದ್ರಿ. ಮತ್ತೆ ಮದ್ದು ಕೊಟ್ಟೋರು ಯಾರು ದೊಡ್ಡಮ್ಮ?"

ಅವಳು ಸೊಂಟದ ಕೀಲಿಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟಳು.

"ದ್ವೇಷ ಇದ್ದೋನು ಹೊಡೆದು ಓಡಿಹೋಗ್ತಾನೆ. ಕೂದಲು ಬೋಳಿಸಿ, ಸೂಜಿ ಹಾಕಿ, ಮಂಪರು ಏರೋವರೆಗೂ ಕಾಯೋದು ಪ್ರೀತಿ ಇದ್ದೋರು ಮಾತ್ರ. ಚಿಲಕ ಆಮೇಲೆ ಕಿತ್ತಿದ್ದು, ಅಲ್ವಾ?"

"ತಲೆ ಸವರ್ತಾನೇ ಇದ್ದೆ," ಅಂದಳು. "ಅದಕ್ಕೆ ಗೊತ್ತೇ ಆಗ್ಲಿಲ್ಲ."

ಆಮೇಲೆ ಎಲ್ಲ ಹೇಳಿದಳು. ಸರದಾರ ಎದ್ದು ಓಡಾಡಿದ್ದೇ ತಡ, ಅದರ ಫೋಟೋ ನೋಡಿ ಜನ ಕಳಿಸುತ್ತಿದ್ದ ಚಂದಾ ನಿಂತಿತು. ಗಟ್ಟಿಮುಟ್ಟಾದ ನಾಯಿಗೆ ಯಾರೂ ಬಿಡಿಗಾಸು ಬಿಚ್ಚುವುದಿಲ್ಲ. ಜಾಗದ ಮಾಲೀಕ ತಿಂಗಳ ಕೊನೆಯೊಳಗೆ ಕೊಂಡುಕೊಳ್ಳಿ, ಇಲ್ಲವೇ ಖಾಲಿ ಮಾಡಿ ಎಂದಿದ್ದಾನೆ. ಚಂದಾ ಎತ್ತುವ ಸಭೆ ಭಾನುವಾರ. ಒಂದರ ಕಾಲು ಹೋದರೆ ನಲವತ್ತರ ಸೂರು ಉಳಿಯುತ್ತದೆ ಎಂದುಕೊಂಡಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಅದೂ ಅಳುತ್ತಾ.

ಅವಳು ನನ್ನ ಕೈ ಹಿಡಿದುಕೊಂಡಳು. "ಕೇಸ್ ಹಾಕಪ್ಪಾ, ಬೇಡ ಅನ್ನಲ್ಲ. ಸೋಮವಾರ ಹಾಕು. ಇನ್ನೆರಡೇ ದಿನ."

ನನ್ನ ಸರ್ವೀಸಿನಲ್ಲಿ ಎಷ್ಟೋ ಕಳ್ಳರು ಈ ಕೈಗೆ ನೋಟು ತುರುಕಲು ನೋಡಿದ್ದಾರೆ. ಎರಡು ದಿನದ ಗಡುವು ಬೇಡಿದವಳು ಇವಳೊಬ್ಬಳೇ. ಕಾನೂನು ಕಾನೂನೇ ಎಂದು ಕೈ ಬಿಡಿಸಿಕೊಂಡೆ. ಅವತ್ತೇ ಕೇಸ್ ಬರೆದೆ.

ಸುದ್ದಿ ಊರೆಲ್ಲ ಹಬ್ಬಿ, ಭಾನುವಾರ ಸಭೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಸರದಾರನನ್ನು ಡಾಕ್ಟರು ಕರೆದುಕೊಂಡು ಹೋದರು. ತಿಂಗಳ ಕೊನೆಗೆ ಮಾಲೀಕ ಗೇಟು ತೆಗೆದು ಉಳಿದ ನಲವತ್ತನ್ನೂ ಬೀದಿಗಟ್ಟಿದ. ಅವುಗಳಲ್ಲಿ ನಾಲ್ಕೈದು ಈಗ ಠಾಣೆಯ ಮೆಟ್ಟಿಲ ಮೇಲೆ ಮಲಗುತ್ತವೆ. ನಾನು ಜೀಪಿನಿಂದ ಇಳಿದರೆ ಸಾಕು, ಎದ್ದು ಬಂದು ಬಾಲ ಅಲ್ಲಾಡಿಸುತ್ತವೆ. ತಮ್ಮ ಮನೆ ಮುಚ್ಚಿಸಿದವನು ನಾನೇ ಎಂದು ಅವಕ್ಕೆ ಗೊತ್ತಿಲ್ಲ.